ಪುದಿಯಾಪ್ಲನ ಕೋಣೆ

ಬಂಟ್ವಾಳ ಪೇಟೆ,
೧೨ ನವೆಂಬರ್ ೨೦೨೫

ಪ್ರೀತಿಯ ಶಮೀರ್ ಕಾಕ,

ಅಸ್ಸಲಾಮು ಅಲೈಕುಂ. ನಿನ್ನ ಬೆನ್ನು ನೋವು ಹೇಗಿದೆ? ಫೋನಿನಲ್ಲಿ ಈ ತಂಗಿ ಕೇಳಿದರೆ ‘ಪರವಾಗಿಲ್ಲ’ ಎಂದು ಮುಗಿಸಿಬಿಡುತ್ತೀ. ನಿನ್ನ ಹಿಂದೆ ರೂಮಿನವರು ಮಾತಾಡುತ್ತಿರುತ್ತಾರೆ, ನನ್ನ ಪಕ್ಕದಲ್ಲಿ ಉಮ್ಮ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ನಿನ್ನ ಗೆಳೆಯ ನವಾಝ್ ರಜೆ ಮುಗಿಸಿ ಮತ್ತೆ ಸೌದಿಗೆ, ನಿನ್ನ ಜುಬೈಲಿಗೇ ಹೊರಟಿದ್ದಾನೆ. ಉಮ್ಮ ಕಳಿಸುವ ಒಣಮೀನು, ಉಪ್ಪಿನಕಾಯಿಯ ಕಟ್ಟಿನೊಳಗೆ ಇದನ್ನೂ ಇಡುತ್ತೇನೆ. ಎಣ್ಣೆ ತಾಗಿದ್ದರೆ ನನ್ನನ್ನು ಬೈಯಬೇಡ, ಭರಣಿ ಕಟ್ಟಿದ್ದು ಉಮ್ಮ.

ಉಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ಮಂಡಿ ಮಾತ್ರ ಹೇಳಿದ ಹಾಗೆ ಕೇಳುವುದಿಲ್ಲ. ಬಾಪ ತೀರಿಕೊಂಡ ಮೇಲೆ ಪೇಪರ್ ನಿಲ್ಲಿಸಬಹುದು ಎಂದೆ, ಉಮ್ಮ ಒಪ್ಪಲಿಲ್ಲ. ಅವರಿಗೆ ಓದಲು ಬಾರದು. ಬೆಳಿಗ್ಗೆ ನಾನು ಬಾಪನ ಹಾಗೆ ಮೊದಲ ಪುಟವನ್ನು ಗಟ್ಟಿಯಾಗಿ ಓದುತ್ತೇನೆ, ಅವರು ಪಾತ್ರೆ ತೊಳೆಯುತ್ತ ಕೇಳುತ್ತಾರೆ. ಪುಟ ಮುಗಿದರೆ ಮನೆಯಲ್ಲಿ ಆ ದಿನದ ಮಾತೂ ಹೆಚ್ಚು ಕಡಿಮೆ ಮುಗಿದ ಹಾಗೆ. ಸಂಜೆ ಎದುರು ಮನೆಯ ಟಿವಿ ಕೇಳಿಸುತ್ತದೆ. ಉಮ್ಮ ನಮ್ಮ ಟಿವಿ ಹಾಕುವುದಿಲ್ಲ, ಅದನ್ನೇ ಕೇಳುತ್ತ ಕೂರುತ್ತಾರೆ.

ಸಿದ್ಧಕಟ್ಟೆಯ ಅಸ್ಕರ್ ಜೊತೆ ನನ್ನ ಮದುವೆ ನಿಶ್ಚಯವಾದದ್ದು ನಿನಗೆ ಗೊತ್ತಿದೆ. ದಿನ ಇನ್ನೂ ಗೊತ್ತಾಗಿಲ್ಲ. ‘ನಿಕಾಹ್‌ಗೆ ಬರಲು ಆಗುವುದಿಲ್ಲ, ನನ್ನ ಪರವಾಗಿ ಮಾಡಿಕೊಡುವ ವಕಾಲತ್ತನ್ನು ಇಬ್ರಾಹಿಂ ಮಾಮನಿಗೆ ಕೊಡುತ್ತೇನೆ, ಬಾಪನ ಜಾಗದಲ್ಲಿ ಅವರೇ ಕೂತು ನಡೆಸಿಕೊಡಲಿ’ ಎಂದು ನೀನು ಹೇಳಿದ್ದನ್ನು ಮಾಮ ಬಂದು ತಿಳಿಸಿದರು. ಬಾಪ ಇಲ್ಲದ ಮೇಲೆ ನಿಕಾಹ್ ಮಾಡಿಕೊಡಬೇಕಾದ ಅಣ್ಣ ನೀನು, ನನಗೆ ನೀನೇ ಹೇಳಬಹುದಿತ್ತು. ಇರಲಿ, ಮೊದಲು ಕೋಣೆಯ ಸುದ್ದಿ ಬರೆಯುತ್ತೇನೆ.

ನನ್ನ ಕೆಲಸ ಏನೆಂದು ನೀನು ಕೇಳುತ್ತಿದ್ದೆ, ಫೋನಿನಲ್ಲಿ ಒಮ್ಮೆಯೂ ಪೂರ್ತಿ ಹೇಳಲು ಆಗಲಿಲ್ಲ. ಹೆಚ್ಚಿನ ದಿನ ಮಹಡಿಯ ಕೋಣೆಯಲ್ಲೇ ಕೂತು ಮಾಡುತ್ತೇನೆ, ವಾರಕ್ಕೆರಡು ಸಲ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗುತ್ತೇನೆ. ಅಲ್ಲಿ ತೃಪ್ತಿ ಅಕ್ಕನ ಇಂಟೀರಿಯರ್ ಆಫೀಸು. ಮನೆ ಕಟ್ಟಿಸುವವರು ಬಂದು ಟೈಲ್ಸ್ ತುಂಡು, ಕರ್ಟನ್ ಬಟ್ಟೆ, ಬಣ್ಣದ ಕಾರ್ಡು ಆರಿಸುತ್ತಾರೆ. ಅವನ್ನೆಲ್ಲ ಒಂದು ಹಲಗೆಗೆ ಅಂಟಿಸಿದರೆ ಅದು ಮೂಡ್‌ಬೋರ್ಡ್. ಅದರ ಫೋಟೋವನ್ನೂ ಖಾಲಿ ಕೋಣೆಯ ಫೋಟೋವನ್ನೂ ಕಂಪ್ಯೂಟರಿಗೆ ಕೊಟ್ಟು, ಏನು ಬೇಕೆಂದು ಬರೆದರೆ, ಎಐ ಆ ಕೋಣೆ ಕೆಲಸ ಮುಗಿದ ಮೇಲೆ ಹೇಗೆ ಕಾಣುತ್ತದೋ ಹಾಗೆ ಚಿತ್ರ ಮಾಡಿಕೊಡುತ್ತದೆ. ನಿಜವಾದ ಫೋಟೋದಂತೆಯೇ ಇರುತ್ತದೆ. ನಿನ್ನ ಹಾಗೆ ಹೊರಗಿದ್ದು ಮನೆ ಕಟ್ಟಿಸುವವರಿಗೆ ಅದನ್ನೇ ಕಳಿಸುತ್ತೇವೆ. ತಪ್ಪೂ ಮಾಡುತ್ತದೆ. ಬೆಳ್ತಂಗಡಿಯ ಒಂದು ಮನೆಯ ಕಿಟಕಿಯಾಚೆ ಹಿಮದ ಬೆಟ್ಟ ಇಟ್ಟಿತ್ತು. ಉಜಿರೆಯ ಹಾಲ್‌ನಲ್ಲಿ ಫ್ಯಾನ್ ತೆಗೆದು, ಚಳಿ ಕಾಯಿಸುವ ಒಲೆ ಕೂರಿಸಿತ್ತು. ತೃಪ್ತಿ ಅಕ್ಕ, “ಇರಲಿ ಬಿಡು ಮಾರಾಯ್ತಿ, ಒಲೆಯ ಹತ್ತಿರ ಹಪ್ಪಳವಾದರೂ ಒಣಗಿಸ್ತಾರೆ” ಎಂದರು.

ನಮ್ಮವರಲ್ಲಿ ಮದುಮಗ ಪುದಿಯಾಪ್ಲನಾಗಿ ಹೆಣ್ಣಿನ ಮನೆಗೆ ಬರುವವನಲ್ಲವೇ, ಮದುವೆಗೆ ಮೊದಲು ಅವನಿಗೆ ಒಳ್ಳೆಯ ಕೋಣೆ ಸಜ್ಜಾಗಬೇಕು. ಉಮ್ಮ ನಿನ್ನ ಕೋಣೆ ತೋರಿಸಿದರು. ನದಿಯ ಗಾಳಿ ಬರುವುದು ಅದಕ್ಕೆ, ಬಚ್ಚಲು ಸೇರಿರುವುದೂ ಅದಕ್ಕೆ. ನಿನ್ನನ್ನು ಕೇಳಬೇಕು ಎಂದೆ. “ಅವನು ಬರುವುದಾದರೆ ಅಲ್ಲವಾ ಕೇಳುವುದು” ಎಂದರು. ಕೋಪದಿಂದ ಹೇಳಲಿಲ್ಲ. ನಾನು ಉಮ್ಮ ಆರಿಸಿದ ಹಸಿರು ಬಟ್ಟೆ, ತೇಗದ ಬಣ್ಣದ ಲ್ಯಾಮಿನೇಟ್ ತುಂಡು ಅಂಟಿಸಿ, ನಿನ್ನ ಕೋಣೆಯ ಫೋಟೋ ಜೊತೆಗೆ ಕೊಟ್ಟೆ. ಇಟ್ಟಿಗೆ ಕೊಟ್ಟು ಎತ್ತರಿಸಿದ ನಿನ್ನ ಮಂಚ, ಮೊಳೆಗೆ ನೇತುಹಾಕಿದ ಬ್ಯಾಡ್ಮಿಂಟನ್ ಬ್ಯಾಟು, ನೆರೆಯ ನೀರು ನಿಂತ ಎತ್ತರಕ್ಕೆ ಬಾಪ ಗೋಡೆಯ ಮೇಲೆ ಎಳೆದ ಪೆನ್ಸಿಲ್ ಗೆರೆ, ಎಲ್ಲವೂ ಆ ಫೋಟೋದಲ್ಲಿತ್ತು. ಬಂದ ಚಿತ್ರದಲ್ಲಿ ಯಾವುದೂ ಇರಲಿಲ್ಲ. ಅಳಿಸಲು ನಾನು ಹೇಳಿರಲಿಲ್ಲ, ಉಳಿಸಲೂ ಹೇಳಿರಲಿಲ್ಲ. ಕೋಣೆ ಚಂದವೇ ಇತ್ತು.

ಅದನ್ನು ಮನೆಯ ಗ್ರೂಪಿಗೆ ಹಾಕಿದೆ. ನೀನು ಬರೆದೆ: “ಚಂದ ಉಂಟು. ಯಾರ ಮನೆ?”

ಉಮ್ಮನಿಗೆ ಓದಿ ಹೇಳಿದೆ. ಮೊದಲು ನಕ್ಕರು. ಆಮೇಲೆ ಎದ್ದು ನಿನ್ನ ಕೋಣೆಗೆ ಹೋಗಿ ಮಂಚದ ಮೇಲೆ ಕೂತರು. ನಾನು ಉತ್ತರ ಬರೆಯಲು ಹೊರಟಾಗ, “ಹೇಳಬೇಡ, ಅವನಿಗೆ ಬೇಸರ ಆಗ್ತದೆ” ಎಂದರು. ಅದಕ್ಕೇ ಆ ದಿನ ಯಾರೂ ನಿನಗೆ ಉತ್ತರ ಕೊಡಲಿಲ್ಲ. ಅದು ನಮ್ಮ ಮನೆ, ಕಾಕ. ನಿನ್ನ ಕೋಣೆ.

ನಿನ್ನ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಾಪ ತೀರಿಕೊಂಡು ಮಯ್ಯತ್ ಎತ್ತುವ ದಿನ ಕಂಪೆನಿಯವರು ನಿನ್ನ ಪಾಸ್‌ಪೋರ್ಟ್ ಕೊಡಲಿಲ್ಲ. ಆಗ ಊರಿನಲ್ಲಿದ್ದ ನವಾಝ್ ಹಿಡಿದ ಫೋನಿನಲ್ಲಿ ನೀನು ಎಲ್ಲವನ್ನೂ ನೋಡಿದೆ. ಮಸೀದಿಯ ಹತ್ತಿರ ಸಿಗ್ನಲ್ ಹೋಯಿತು, ನಿನ್ನ ಮುಖ ಹಾಗೆಯೇ ನಿಂತುಬಿಟ್ಟಿತು. ಆಮೇಲೆ ಎರಡು ರಜೆ ಬಂತು, ನೀನು ಬರಲಿಲ್ಲ. ಟಿಕೆಟ್ ಸಿಗಲಿಲ್ಲ ಎಂದೆ. ಬಾಪ ಇಲ್ಲದ ಮನೆಗೆ ಕಾಲಿಡಲು ನಿನಗೆ ಭಯ ಎಂದು ನನಗೆ ಅನಿಸುತ್ತದೆ. ನಮಗೂ ಹಾಗೆಯೇ ಇತ್ತು. ನಾವು ಇಲ್ಲಿಯೇ ಇದ್ದುದರಿಂದ ದಿನವೂ ಕಾಲಿಡಬೇಕಾಯಿತು, ಅಷ್ಟೇ.

ನಿನ್ನ ವಕಾಲತ್ತಿನ ಸುದ್ದಿ ತಂದ ಮಾಮನ ಮುಂದೆ ನಾನು ಮುಖ ಸಪ್ಪೆ ಮಾಡಿದ್ದಕ್ಕೆ ಅವರು ತಮಾಷೆ ಮಾಡಿದರು. “ಇಲ್ಲದ ಮನೆಯನ್ನು ಇದ್ದ ಹಾಗೆ ತೋರಿಸುವವಳು ನೀನು. ಇಲ್ಲದ ಅಣ್ಣನನ್ನು ಕೂರಿಸುವುದು ಒಂದು ಕಷ್ಟವಾ ನಿನಗೆ?”

ಮಾತು ಮನಸ್ಸಿನಲ್ಲಿ ಉಳಿಯಿತು. ಮರುದಿನ ಉಮ್ಮ ಮಲಗಿದ್ದಾಗ ಎಐಗೆ ನಿನ್ನ ಹಳೆಯ ಫೋಟೋ ಕೊಟ್ಟು, ಹೊಸ ಕೋಣೆಯ ಮಂಚದ ಮೇಲೆ ಇವನನ್ನು ಕೂರಿಸು ಎಂದು ಬರೆದೆ. ಕೂರಿಸಿತು. ಬಿಳಿ ಅಂಗಿ, ಅದೇ ನಗು. ಕಿಟಕಿಯ ಬೆಳಕು ಕೆನ್ನೆಯ ಮೇಲೆ ಸರಿಯಾಗಿ ಬಿದ್ದಿತ್ತು. ಬೆನ್ನು ನೋವಿನವರ ಹಾಗೆ ನೀನು ಕೂತಿರಲಿಲ್ಲ. ಈಗ ನಿನ್ನ ಗಡ್ಡ ನರೆತಿದೆ ಎಂದು ನವಾಝ್ ಹೇಳಿದ್ದಾನೆ, ಅದೂ ಇರಲಿಲ್ಲ. ತುಂಬ ಹೊತ್ತು ನೋಡಿದೆ. ಉಮ್ಮ ಏಳುವ ಮೊದಲು ಅಳಿಸಿದೆ. ಅವರು ಅಳುತ್ತಾರೆಂದಲ್ಲ. ಅದನ್ನು ಫೋನಿನಲ್ಲಿ ಇಟ್ಟುಕೊಂಡು ಅವರು ಸಮಾಧಾನ ಪಟ್ಟುಕೊಳ್ಳುತ್ತಿದ್ದರು, ನನಗೆ ಅದು ಬೇಡವಾಗಿತ್ತು.

ನೀರು ಸರಿಯಾಗಿ ಕುಡಿ. ಭಾರ ಎತ್ತುವಾಗ ಬೆಲ್ಟ್ ಹಾಕಿಕೋ. ಉಪ್ಪಿನಕಾಯಿಯನ್ನು ಒಂದೇ ವಾರದಲ್ಲಿ ರೂಮಿನವರಿಗೆ ಹಂಚಿ ಖಾಲಿ ಮಾಡಬೇಡ ಎಂದು ಉಮ್ಮ ಹೇಳುತ್ತಿದ್ದಾರೆ. ಅವರ ಸಲಾಂ, ಪ್ರತಿ ನಮಾಝಿನಲ್ಲೂ ನಿನಗಾಗಿ ಮಾಡುವ ದುಆ ಇದರೊಂದಿಗಿದೆ. ಅಲ್ಲಾಹು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ರಿಫಾ

ಮರೆತ ಮಾತು: ನವಾಝ್‌ನ ರಿಕ್ಷಾ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಮರದ ಕೆಲಸದವರಿಗೆ ಮಹಡಿಯ ಕೋಣೆ ತೋರಿಸಿದ್ದೇನೆ, ನಾನು ಕೆಲಸ ಮಾಡುವ ಕೋಣೆಯೇ ಪುದಿಯಾಪ್ಲನಿಗೆ. ನಿನ್ನದನ್ನು ಯಾರೂ ಮುಟ್ಟುವುದಿಲ್ಲ, ನೀನು ಬಂದರೂ ಬಾರದಿದ್ದರೂ. ನಿಕಾಹ್‌ನ ಮಾತು ಹಾಗಲ್ಲ, ನೀನು ಬರದೆ ಅದು ನಡೆಯುವುದಿಲ್ಲ. ಅಸ್ಕರ್‌ಗೆ ಎಲ್ಲ ಹೇಳಿದೆ. “ಅಣ್ಣ ಬರಲಿ, ಕಾಯುವ” ಎಂದಿದ್ದಾರೆ. ಅವರ ಕೈ ಹಿಡಿದು ಬಾಪ ಹೇಳಬೇಕಿದ್ದ ಮಾತನ್ನು ನೀನು ಹೇಳಬೇಕು. ರಜೆ ಯಾವಾಗ ಎಂದು ತಿಳಿಸು, ಅದನ್ನು ನೋಡಿ ದಿನ ಇಡುತ್ತೇವೆ. ಮಾಮನಿಗೆ ವಕಾಲತ್ ಕಳಿಸಬೇಡ. ಕಳಿಸಿದರೆ, ಅವರು ನನ್ನ ಒಪ್ಪಿಗೆ ಕೇಳಲು ಒಳಗೆ ಬಂದಾಗ ನಾನು ಒಪ್ಪಿಗೆ ಎಂದು ತಿಳಿಯುವ ಹಾಗೆ ತಲೆ ತಗ್ಗಿಸಿ ಸುಮ್ಮನೆ ಕೂರುವುದಿಲ್ಲ, ಎಲ್ಲರಿಗೂ ಕೇಳುವ ಹಾಗೆ ಬೇಡ ಎನ್ನುತ್ತೇನೆ.