ಟಿವಿಯಲ್ಲಿ ಅಕ್ಕ ಓದಿದ ಪತ್ರ

ರಾಯಚೂರು, ೧೪-೧೧-೨೦೨೪, ಗುರುವಾರ

ಆ ಒಂದು ಸಾಲು ಬರೆಯಬಾರದಿತ್ತು.

ಸಂಜೆ ದೇವದುರ್ಗದಿಂದ ಯಮನಮ್ಮಕ್ಕ ಫೋನ್ ಮಾಡಿದ್ದಳು. ಕಣ್ಣು ಮಂಜಾದ ಮೇಲೆ ನನ್ನ ಪತ್ರಗಳನ್ನು ಮಗ ಜಗದೀಶನೇ ಅವಳಿಗೆ ಓದಿ ಹೇಳುತ್ತಿದ್ದ. ಈ ಸಲ ಪತ್ರದ ಫೋಟೋ ತೆಗೆದು, ಹೊಸದಾಗಿ ತಂದ ಐವತ್ತೈದು ಇಂಚಿನ ಟಿವಿಯಲ್ಲಿ ಹಾಕಿದ್ದಾರೆ.

“ಲೇ ತಮ್ಮಾ, ಒಂದೊಂದು ಅಕ್ಷರ ರೊಟ್ಟಿ ಅಗಲ ಕಾಣಾಕತ್ತಾವ. ನಾನೇ ಓದೀನಿ. ಜಗ್ಯಾ ಇಷ್ಟು ದಿನ ಅರ್ಧಾ ನುಂಗಿ ಓದತಿದ್ದ ನೋಡು.”

ಮೂರು ವರ್ಷದ ಮೇಲೆ ಅಕ್ಕ ತಾನೇ ಓದಿದಳು. ಆದರೆ ‘ಸೊಸೆ ಮಲ್ಲಿಕಾ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೋ ಇಲ್ಲವೋ’ ಎಂದು ನಾನು ಕೇಳಿದ್ದನ್ನು ಆ ಸೊಸೆಯೂ ಪಕ್ಕದಲ್ಲೇ ಕೂತು ಓದಿದ್ದಾಳೆ. ಅಕ್ಕ ಫೋನನ್ನು ಅವಳ ಕೈಗೇ ಕೊಟ್ಟಳು.

“ಮಾವಾರ, ಟಿವಿಯಾಗ ಹಾಕೋಣು ಅಂದಾಕಿ ನಾನೇ ರೀ. ಅತ್ತಿ ನಾಕು ಸಲ ಓದ್ಯಾರ. ಆ ಸಾಲು ಬಂದಾಗೊಮ್ಮೆ ನನ್ನ ಮಾರಿ ನೋಡಿ ನಗತಾರ. ಊಟದ್ದು ನೀವೇ ಬಂದು ಉಂಡು ನೋಡ್ರಿ.”

ತಪ್ಪಾಯಿತವ್ವಾ ಅಂದೆ. ಅವಳೂ ನಕ್ಕಳು.

ಈಗ ಮುಂದಿನ ಪತ್ರಕ್ಕೆ ಕೂತಿದ್ದೇನೆ. ಮೊದಲು ಆಶೀರ್ವಾದ ಮಲ್ಲಿಕಾಳ ಹೆಸರಿಗೇ ಬರೆದೆ, ಅಕ್ಕನಿಗೆ ನಮಸ್ಕಾರ ಅದರ ಕೆಳಗೆ. ಹಿರಿಯಳನ್ನು ಕೆಳಗಿಟ್ಟೆ ಎಂದು ಅಕ್ಕ ಬೈಯಬಹುದು. ಬೈಯಲಿ, ತಾನೇ ಓದಿ ಬೈಯಲಿ.