ಮೇಷ್ಟ್ರ ಸ್ಕ್ಯಾನ್

ಸ್ಕ್ಯಾನ್ ಕೋಣೆಯ ಪಕ್ಕದ ಮೇಜು,
ಏಪ್ರಿಲ್ ಒಂಬತ್ತು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಡಗಿನ ಮೆಟ್ಟಿಲಲ್ಲಿ ಉಳುಕಿಸಿಕೊಂಡ ಕಾಲು ಊರುವ ಹಾಗಾಗಿದೆಯಾ? ಹಡಗಿನವರ ಜ್ವರವನ್ನೆಲ್ಲ ನೋಡುವ ನರ್ಸಿಗೆ ತನ್ನ ಕಾಲು ನೋಡಿಕೊಳ್ಳಲು ಪುರಸೊತ್ತಿಲ್ಲ ಅನ್ನುತ್ತೀಯ, ಗೊತ್ತು; ಆದರೂ ಕೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಅಂದರೆ ಊಟ, ಕೆಲಸ, ನಿದ್ದೆ ಹೊತ್ತಿಗೆ ಸರಿಯಾಗಿ ನಡೆಯುತ್ತಿವೆ. ಮಂಗಳವಾರ ಸಂಜೆ ನಿನ್ನ ಹಡಗು ಹೊರಟ ಮೇಲೆ ಫೋನ್ ಸಿಗುತ್ತಿಲ್ಲ. ಮುಂದಿನ ಬಂದರಿನ ಕಚೇರಿಗೆ ಈ ಕಾಗದ ಕಳಿಸುತ್ತಿದ್ದೇನೆ, ನಿನಗಿಂತ ಮುಂಚೆ ತಲುಪಿ ಅಲ್ಲಿ ಕಾದಿರಲಿ.

ವಿಷಯ ಮೇಷ್ಟ್ರದು. ನೀನು ನನ್ನ ಹತ್ತಿರ ಬಿಟ್ಟುಹೋದ ನಾಯಿಗೆ ಈ ಪ್ರಾಣಿಗಳ ಆಸ್ಪತ್ರೆಯಲ್ಲೂ ಎಲ್ಲರೂ ಬಹುವಚನವನ್ನೇ ಹಚ್ಚಿದ್ದರು. ಕಣ್ಣಿನ ಸುತ್ತ ಆ ಕನ್ನಡಕದಂಥ ಮಚ್ಚೆ, ಎದುರಿಗಿದ್ದವರು ಲೆಕ್ಕ ತಪ್ಪು ಮಾಡಿದ್ದಾರೆ ಅನ್ನುವಂಥ ನೋಟ. ಏಕವಚನ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವರ ಎಡ ಹೊಳ್ಳೆಯ ರಕ್ತ ನಿಲ್ಲಲೇ ಇಲ್ಲ. ಸೀನಿದರೆ ಗೋಡೆಗೆ, ಹಾಸಿಗೆಗೆ, ನನ್ನ ಅಂಗಿಗೆ. ಆರು ವಾರ ಬೆಳಿಗ್ಗೆ ಎದ್ದವನೇ ಗೋಡೆ ಒರೆಸುತ್ತಿದ್ದೆ. ಹೀಗೆ ಬಿಟ್ಟರೆ ಆಗುವುದಿಲ್ಲ ಎಂದು ಮಂಗಳವಾರ ನನ್ನ ಯಂತ್ರದ ಕೆಳಗೇ ಮಲಗಿಸಿದೆ.

ಹನ್ನೊಂದು ವರ್ಷದಿಂದ ಸಿ.ಟಿ. ತೆಗೆಯುತ್ತಿದ್ದೇನೆ. ಪ್ರಾಣಿಗಳಿಗೆ ಅಲ್ಲಾಡಬೇಡ ಎಂದು ಹೇಳಲಾಗುವುದಿಲ್ಲವಲ್ಲ, ಹಾಗಾಗಿ ಅರಿವಳಿಕೆ ಕೊಟ್ಟೇ ಮಲಗಿಸಬೇಕು. ಗಂಟಲಲ್ಲಿ ನಳಿಗೆ, ಹೊರಗೆ ಎಳೆದ ನಾಲಿಗೆಗೆ ಒಂದು ಕ್ಲಿಪ್ಪು, ತಲೆಯ ಎರಡೂ ಕಡೆ ಮರಳಿನ ಚೀಲ. ಹೋದ ವಾರ ಒಬ್ಬಾಕೆ, ನಮ್ಮ ಬೆಕ್ಕಿಗೆ ಭಯ ಆಗತ್ತೆ, ಜೊತೆಗೆ ನಾನೂ ಮಲಗ್ತೀನಿ ಅಂತ ಹಟ ಹಿಡಿದಿದ್ದರು. ಗಿಳಿ ತಂದವರು, ಅದು ಯಾಕೆ ಮಾತಾಡಲ್ಲ ಅಂತ ಇದರಲ್ಲಿ ಕಾಣುತ್ತಾ ಅಂದರು. ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು: ಡಾಕ್ಟ್ರು ಹೇಳ್ತಾರೆ. ಪರದೆಯ ಮೇಲೆ ಮೊದಲು ನೋಡುವವನು ನಾನು. ಮುಖದಲ್ಲಿ ಏನೂ ತೋರಿಸದೆ ಹೊರಗೆ ಬರುವುದೇ ನನ್ನ ಕಸುಬಿನ ಅರ್ಧ ಭಾಗ. ಈ ಸಲ ಹೊರಗಿನ ಬೆಂಚಿನಲ್ಲಿ ಯಾರೂ ಕೂತಿರಲಿಲ್ಲ. ಆದರೂ ಮುಖವನ್ನು ಹಾಗೇ ಇಟ್ಟುಕೊಂಡಿದ್ದೆ, ಯಾರಿಗಾಗಿ ಅಂತ ಗೊತ್ತಿಲ್ಲ.

ಚಿತ್ರದಲ್ಲಿ ಗಾಳಿ ಕಪ್ಪು, ಮೂಳೆ ಬಿಳಿ. ಮೇಷ್ಟ್ರ ಮೂಗಿನ ಬಲಭಾಗ ಕಪ್ಪಗಿತ್ತು, ಅದರಲ್ಲಿ ಬಳ್ಳಿಯ ಸುರುಳಿಯ ಹಾಗೆ ಬಿಳಿ ಗೆರೆಗಳು. ಎಡಭಾಗ ಪೂರ್ತಿ ಬೂದು. ಮೂಗಿಗೂ ಮೆದುಳಿಗೂ ನಡುವೆ ಜರಡಿಯಂಥ ತೆಳು ಮೂಳೆಯೊಂದಿರುತ್ತದೆ. ಎಡಗಡೆ ಅದು ಇರಲಿಲ್ಲ. ಗಡ್ಡೆ ದಾಟಿ ಹೋಗಿತ್ತು.

ಡಾಕ್ಟರು ನನಗಿಂತ ಚಿಕ್ಕವರು. ಬಹಳ ಹೊತ್ತು ನೋಡಿ, "ನಿದ್ದೇಲೇ ಇದಾರೆ. ಎಬ್ಬಿಸಿದ್ರೆ ಒಂದೆರಡು ತಿಂಗಳು ಇರಬಹುದು, ನೋವಿನ ಔಷಧಿ ಕೊಟ್ಕೊಂಡು. ಇಲ್ಲಾಂದ್ರೆ ಎಬ್ಬಿಸೋದೇ ಬೇಡ. ನಾಯಿ ನಿಮ್ದೇನಾ?" ಅಂದರು. ಅಕ್ಕನದು ಅಂದೆ. "ಹಾಗಾದ್ರೆ ಅಕ್ಕನ್ನೇ ಕೇಳಿ." ಕರೆ ಸೇರಲಿಲ್ಲ. ನೀನು ಆಗ ಇನ್ನೂ ಬಂದರಿನಲ್ಲೇ ಇದ್ದೆ ಅಂತ ಕಾಣುತ್ತದೆ, ನನ್ನ ಸಂದೇಶಕ್ಕೆ ಏಳು ನಿಮಿಷದಲ್ಲಿ ಉತ್ತರ ಬಂತು. ಒಂದೇ ಪದ: ಸಾಕು.

ಫೋನನ್ನು ಡಾಕ್ಟರ ಮುಂದೆ ಹಿಡಿದೆ. ಅವರು ಓದಿ, "ಗಟ್ಟಿ ಮನಸ್ಸು ನಿಮ್ಮಕ್ಕನದು" ಅಂದರು. ಮುಂದಿನ ಕೌಂಟರಿನಲ್ಲಿ ಕೂರುವಾಕೆ ಗೊತ್ತಲ್ಲ, ಬಾಯಿ ಸುಮ್ಮನಿರುವುದಿಲ್ಲ; ಬಗ್ಗಿ ನೋಡಿ, "ಯಾವ ಸಾಕು ಸಾರ್ ಇದು? ಮುಗಿಸಿ ಅಂತಾನಾ, ನೋಡ್ಕೊಳಪ್ಪಾ ಅಂತಾನಾ?" ಅಂದಳು. ಡಾಕ್ಟರು, "ಈಗ ತಮಾಷೆ ಬೇಡಮ್ಮ" ಅಂದದ್ದಕ್ಕೆ ಪಾಪ ಮುಖ ಚಿಕ್ಕದು ಮಾಡಿಕೊಂಡು ಹೋದಳು. ಆಮೇಲೆ ಎಲ್ಲ ಬೇಗ ಮುಗಿಯಿತು. ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಯಂತ್ರಗಳಲ್ಲಿ ನಾಡಿ ನೋಡುತ್ತಿದ್ದವನು ನಾನೇ. ಆಸ್ಪತ್ರೆಯ ಹಿಂದಿನ ಖಾಲಿ ಜಾಗದಲ್ಲಿ ಮಣ್ಣು ಮಾಡಿದೆವು. ಕೌಂಟರಿನಾಕೆ ಅತ್ತಳು. ಸಂಜೆ ಮನೆಗೆ ಬಂದು ಮೇಷ್ಟ್ರಿಗೂ ಸೇರಿಸಿ ಅನ್ನಕ್ಕಿಟ್ಟೆ, ಅಭ್ಯಾಸದ ಮೇಲೆ. ಉಳಿದದ್ದನ್ನು ಮಾರನೇ ದಿನ ತಿಂದೆ.

ಕಾಲು ಜೋಪಾನ ಅಕ್ಕಾ. ಹಡಗಿನಲ್ಲಿ ನನ್ನನ್ನು ಕೇಳುವ ಆ ನಿನ್ನ ಗೆಳತಿಗೂ ನೆನಪು ಹೇಳು. ನೀನು ಬೈದು ಬರೆದರೂ ಸರಿ, ಬರೆ.

ನಿನ್ನ ತಮ್ಮ

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಡಾಕ್ಟರಿಗೆ ತೋರಿಸಿದ್ದು ನಿನ್ನ ಉತ್ತರವನ್ನು ಮಾತ್ರ. ಅದರ ಮೇಲಿದ್ದ ನನ್ನ ಪ್ರಶ್ನೆಯನ್ನು ಹೆಬ್ಬೆರಳಿನಲ್ಲಿ ಮುಚ್ಚಿ ಹಿಡಿದಿದ್ದೆ. ನಾನು ಕೇಳಿದ್ದು, "ಎಬ್ಬಿಸಿ ಇನ್ನೂ ಸಾಕಲಾ?" ಅಂತ. ನೀನು ಹೇಳಿದ್ದು ಏನು ಅನ್ನುವುದರಲ್ಲಿ ನನಗೆ ಒಂದು ಕ್ಷಣವೂ ಅನುಮಾನ ಇರಲಿಲ್ಲ. ಸಾಕಾಗಿದ್ದು ನನಗೆ. ಸಿರಿಂಜು ಹಿಡಿದುಕೊಂಡು ಡಾಕ್ಟರು ಎರಡು ಸಲ ಕೇಳಿದರು, "ಖಂಡಿತಾನಾ?" ಎರಡು ಸಲವೂ ಹೂಂ ಅಂದೆ.