ಗೋಡೆಯ ಮೇಲಿಲ್ಲದವನು

ನವೆಂಬರ್ 3, ಸೋಮವಾರ. ಸಂಜೆ 5.30

ಶಾಲೆ ಬಿಟ್ಟು ನೇರ ಹಾಲ್‌ಗೆ. ಇವತ್ತೂ ಯಾರೂ ಬಂದಿಲ್ಲ. ಗಾಜು ಒರೆಸಿದೆ. ಹತ್ತೊಂಬತ್ತು ಫೋಟೊ — ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಕಡೆಯ ಬಾಕ್ಸರ್‌ಗಳು. ಕೊನೆಯದು ನನ್ನದು. 2011, ರಾಜ್ಯ ಮಟ್ಟ, ಬೆಳ್ಳಿ. ನನ್ನ ಹೆಸರನ್ನು ಪದ್ಮಶ್ರೀ ಬದಲು 'ಪದ್ಮಾಶ್ರೀ' ಎಂದು ಬರೆದಿದ್ದಾರೆ. ಹದಿನಾಲ್ಕು ವರ್ಷದಿಂದ ಹಾಗೇ ಇದೆ.

ಟ್ರಸ್ಟ್‌ನಿಂದ ಪತ್ರ. ಈ ಬಾಕ್ಸಿಂಗ್ ಕೀರ್ತಿ ಮಂದಿರದ 'ಪ್ರಸ್ತುತತೆ ಮತ್ತು ಭವಿಷ್ಯ' ಕುರಿತು ಡಿಸೆಂಬರ್ ಹದಿನೈದರೊಳಗೆ ನಾನು ರಿಪೋರ್ಟ್ ಕೊಡಬೇಕಂತೆ. ಪಿ.ಟಿ. ಟೀಚರ್, ಹಳೆಯ ಬಾಕ್ಸರ್, ಕೀಲಿಕೈಯೂ ನನ್ನ ಹತ್ತಿರವೇ — ಇನ್ನು ಯಾರಿಗೆ ಹೇಳುತ್ತಾರೆ. ಅಧ್ಯಕ್ಷರಿಗೆ ಫೋನ್ ಮಾಡಿದರೆ ನಕ್ಕರು. "ಟೀಚರ್, ಈಗಿನ ಹುಡುಗೂರು ರೀಲ್ಸ್ ನೋಡತಾವು. ಸತ್ತಾರ ಫೋಟೋ ಯಾವಾಂವ ನೋಡತಾನ್ರಿ? ಜಿಮ್ ಮಾಡೂಣು, ಝುಂಬಾ ಇಡೂಣು."

ಎಲ್ಲರೂ ಸತ್ತಿಲ್ಲ. ಹಳಬರಲ್ಲಿ ಇಬ್ಬರು ಇನ್ನೂ ಇದ್ದಾರೆ. ನಮಗೆಲ್ಲ ಬಾಕ್ಸಿಂಗ್ ಕಲಿಸಿ ಈ ಹಾಲ್ ಕಟ್ಟಿದ ಶೆಟ್ಟೆಪ್ಪ ಮಾಸ್ತರರೂ ಇದ್ದಾರೆ. ಅವರನ್ನು ಕೇಳಿಯೇ ಬರೆಯುವುದು.

ನವೆಂಬರ್ 9, ಭಾನುವಾರ

ಸಂಕೇಶ್ವರ. ಶಿದ್ಲಿಂಗಪ್ಪನವರ ಮನೆ. ಆ ಇಬ್ಬರು ಹಳಬರಲ್ಲಿ ಒಬ್ಬರು, ಮಿಲಿಟರಿ ಟೀಮಿಗೆ ಆಡಿದವರು. ಈಗ ಅರವತ್ತೊಂದು. ಚಹಾ ಬಸಿ ಹಿಡಿದರೆ ಕೈ ನಡುಗುತ್ತದೆ. ನಾನು ಕೂತ ಕೂಡಲೇ ಕೇಳಿದರು —

"ನಿನ್ನಿ ಅವನ್ನ ಕಳಿಸಿ, ಇವತ್ತು ನೀವ ಬಂದ್ರೇನ್ರಿ?"

ನಾನು ಯಾರನ್ನೂ ಕಳಿಸಿಲ್ಲ ಎಂದೆ.

"ಕಳಿಸಿಲ್ಲಂದ್ರ? ಹರೇದಾಂವ. ನೀಲಿ ಬನೇನು. ಎಡಗಡೆ ಹುಬ್ಬಿನ ಮ್ಯಾಲ ಪಟ್ಟಿ. ಬಾಗಲದಾಗ ನಿಂತ, ಒಳಗ ಬಾ ಅಂದ್ರ ಬರಲಿಲ್ಲ. 'ಅಣ್ಣಾ, ನನ್ನ ಹೆಸರೇನ್ರಿ' ಅಂತ ಕೇಳಿದ."

"ನೀವೇನಂದ್ರಿ?"

"ನಿನ್ನ ಹೆಸರ ನನಗೇನ ಗೊತ್ತೋ ಅಂದ್ನಿ. ನಿಂತ, ನಿಂತ. ಹ್ವಾದ."

ಬರುವಾಗ ಅವರ ಹೆಂಡತಿ ಹೊರಗೆ ಬಂದು ದನಿ ತಗ್ಗಿಸಿ ಹೇಳಿದರು. "ನಿನ್ನಿ ಹಗಲೆಲ್ಲಾ ಬಾಗಲದಾಗ ಶೇಂಗಾ ಒಡಕೋತ ನಾನ ಕುಂತಿದ್ನೆವ್ವಾ. ಯಾರೂ ಬಂದಿಲ್ಲ."

ಪೆಟ್ಟು ತಿಂದ ತಲೆ. ವಯಸ್ಸಾದ ಮೇಲೆ ಹೀಗಾಗುತ್ತದೆ. ಎಷ್ಟು ಜನರನ್ನು ನೋಡಿಲ್ಲ.

ನವೆಂಬರ್ 16, ಭಾನುವಾರ. ಬಸ್ಸಿನಲ್ಲಿ

ಹುಕ್ಕೇರಿಯಿಂದ ವಾಪಸ್. ಬಿಸಿಲು ಸುಡುತ್ತಿದೆ.

ಇನ್ನೊಬ್ಬ ಹಳಬರು ಸತ್ತೆಪ್ಪ, ಅವರ ಪಂಕ್ಚರ್ ಅಂಗಡಿಗೆ ಹೋಗಿದ್ದೆ. ಮಾತು, ನೆನಪು ಎಲ್ಲ ಸರಿಯಾಗಿದೆ. ಟ್ಯೂಬ್ ನೀರಿನಲ್ಲಿ ಅದ್ದುತ್ತಲೇ ಹೇಳಿದರು — "ನಿಮ್ಮಾಂವ ನಿನ್ನೇನ ಬಂದ ಹ್ವಾದನಲ್ರಿ."

ನೀಲಿ ಬನಿಯನ್. ಹುಬ್ಬಿನ ಮೇಲೆ ಪಟ್ಟಿ. ಹೆಸರು ಕೇಳಿದ್ದಾನೆ.

ನಾನು ಇಲ್ಲಿಗೆ ಬರುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಸತ್ತೆಪ್ಪ, ಶಿದ್ಲಿಂಗಪ್ಪ ಇಬ್ಬರೂ ಮಾತು ಬಿಟ್ಟು ಇಪ್ಪತ್ತು ವರ್ಷ.

ಯಾಕೆ ತೋಚಿತೋ, ಮೊಬೈಲಿನಲ್ಲಿ ಹಾಲ್‌ನ ಹಳೆಯ ಗ್ರೂಪ್ ಫೋಟೊ ತೆಗೆದು ತೋರಿಸಿದೆ. 1987, ಗೋಕಾಕ ಟೂರ್ನಮೆಂಟ್. ಕಪ್ಪು ಬಿಳುಪು. ಸತ್ತೆಪ್ಪ ಒದ್ದೆ ಬೆರಳಿಟ್ಟರು. ಸಾಲಿನ ತುದಿಯಲ್ಲಿ ಒಬ್ಬ. ಎಡ ಹುಬ್ಬಿನ ಮೇಲೆ ಬಿಳಿ ಪಟ್ಟಿ. ಬೆರಳು ಹಾಗೇ ಹಿಂದಕ್ಕೆ ಬಂತು.

"ಇವನ ರಿ... ಆದ್ರ ಇಂವಗ ಈಗ ನನ್ನಷ್ಟ ವಯಸ್ಸ ಆಗಿರಬೇಕಲ್ರಿ?"

ನವೆಂಬರ್ 18, ಮಂಗಳವಾರ

ಅದೇ ಫೋಟೊ ಶಿದ್ಲಿಂಗಪ್ಪನವರಿಗೆ ವಾಟ್ಸಾಪ್ ಮಾಡಿದೆ. ಯಾರೆಂದು ಗುರುತು ಹಾಕಿರಲಿಲ್ಲ. ವಾಯ್ಸ್ ಮೆಸೇಜ್ ಬಂತು. "ತುದಿಗೆ ನಿಂತಾನಲ್ಲ. ಅಂವ. ಇನ್ನ ಈ ಫೋಟೋ ಕಳಸಬ್ಯಾಡ್ರಿ."

ನವೆಂಬರ್ 23, ಭಾನುವಾರ

ಧುಪದಾಳ. ಮಾಸ್ತರರಿಗೆ ಎಂಬತ್ತೆರಡು. ಮಗಳು ಲಕ್ಷ್ಮೀ ನೋಡಿಕೊಳ್ಳುತ್ತಾಳೆ. ಕಿಟಕಿಯಾಚೆ ಒಡ್ಡಿನ ಮೇಲಿಂದ ನೀರು ಬೀಳುವ ಸಪ್ಪಳ. ಅಲ್ಲಿ ಎಲ್ಲರೂ ಸ್ವಲ್ಪ ಜೋರಾಗಿಯೇ ಮಾತಾಡುತ್ತಾರೆ. ಇವತ್ತು ಮಾಸ್ತರರು ಪಿಸುಗುಟ್ಟಿದರು.

ಫೋಟೊ ನೋಡಿ — "ಕೆಂಚಪ್ಪ."

ಬಾಕ್ಸರೇ?

"ಅಲ್ಲ. ಸೆಲೆಕ್ಷನ್ ಮುಂದ ನಮ್ಮ ಹುಡುಗೂರಿಗೆ ಹೊಡದ ಕಲ್ಯಾಕ ಮಂದಿ ಬೇಕಾಗತಿದ್ರು. ಕಬ್ಬ ಕಡಿಯೂ ಹುಡುಗೂರ್ನ ಕೂಲಿ ಮ್ಯಾಲ ತರತಿದ್ನಿ. ಗಟ್ಟಿ ಮೈ. ಹೊಡೀಬ್ಯಾಡ, ಬರೇ ನಿಂದ್ರ ಅಂತಿದ್ನಿ. ಆ ದಿವಸ ಮೂರು ಮಂದಿ ಮುಂದ ನಿಂತ. ಸಂಜೀಕ ತಲಿ ನೋಯ್ತೈತಿ ಅಂದ. ಬಸ್ ಹತ್ತಿಸಿದ್ನಿ. ಮೂಡಲಗ್ಯಾಗ ಇಳಸಾಕ ನೋಡಿದ್ರ ಜೀವ ಇರಲಿಲ್ಲಂತ."

ಆ ಮೂವರಲ್ಲಿ ಶಿದ್ಲಿಂಗಪ್ಪ ಒಬ್ಬರು. ಸತ್ತೆಪ್ಪ ಒಬ್ಬರು. ಮೂರನೆಯವರು ತೀರಿಕೊಂಡಿದ್ದಾರೆ. ಮೂವರ ಫೋಟೊಗಳೂ ಗೋಡೆಯ ಮೇಲಿವೆ.

ಕೆಂಚಪ್ಪನಿಗೆ ಒಬ್ಬ ಅಕ್ಕ ಇದ್ದಾಳೆ, ಸುಂದ್ರವ್ವ, ಮೂಡಲಗಿಯಲ್ಲಿ.

ಪ್ರತಿ ಸಲ ಮಾಸ್ತರರ ಕಾಲು ಮುಟ್ಟಿ ಬರುತ್ತಿದ್ದೆ. ಇವತ್ತು ಮುಟ್ಟಲಿಲ್ಲ. ಅವರೂ ಅದನ್ನು ನೋಡಿದರು.

ನವೆಂಬರ್ 24

ಪಾಠ ಮಾಡಲಾಗಲಿಲ್ಲ. ಮಕ್ಕಳನ್ನು ಖೋಖೋಗೆ ಬಿಟ್ಟು ಕೂತೆ.

2011ರಲ್ಲಿ ನನ್ನ ಮುಂದೆಯೂ ಮಾಸ್ತರರು ಒಬ್ಬಳನ್ನು ತಂದು ನಿಲ್ಲಿಸಿದ್ದರು. ಆರು ವಾರ. ನನ್ನದೇ ವಯಸ್ಸು. ಮೂಗಿನಿಂದ ರಕ್ತ ಬಂದರೆ ಲಂಗದ ಅಂಚಿನಿಂದ ಒರೆಸಿಕೊಂಡು ಮತ್ತೆ ನಿಲ್ಲುತ್ತಿದ್ದಳು. 'ಏ' ಎಂದು ಕರೆಯುತ್ತಿದ್ದೆ.

ಹೆಸರು ಕೇಳಿರಲಿಲ್ಲ.

ನವೆಂಬರ್ 30, ಭಾನುವಾರ. ಮಧ್ಯಾಹ್ನ

ಗ್ರೂಪ್ ಫೋಟೊದ ತುದಿಯವನ ಮುಖ ಅಷ್ಟೇ ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದೆ. ಇಪ್ಪತ್ತನೆಯದು. ಕೆಳಗೆ ಚೀಟಿ: ಕೆಂಚಪ್ಪ, ಮೂಡಲಗಿ. ಟ್ರಸ್ಟ್‌ನವರನ್ನು ಕೇಳಲಿಲ್ಲ.

ಸುಂದ್ರವ್ವನಿಗೆ ಫೋನ್ ಮಾಡಿದ್ದೆ. ಒಬ್ಬಳೇ ಬಸ್ಸಿಗೆ ಬಂದಳು. ಅರವತ್ತೈದರ ಮೇಲೆ, ನೆಟ್ಟಗಿನ ಬೆನ್ನು. ಫ್ರೇಮಿನ ಮುಂದೆ ಬಹಳ ಹೊತ್ತು ನಿಂತಳು. ಅಳುತ್ತಾಳೆಂದು ನಾನು ನೀರು ಹಿಡಿದು ನಿಂತಿದ್ದೆ.

"ಇಂವ ನಮ್ಮ ಕೆಂಚ ಅಲ್ಲವ್ವಾ, ಬ್ಯಾರೇದಾಂವ."

ಪೂರ್ತಿ ಫೋಟೊ ತೋರಿಸಿದೆ. ಹುಡುಕಿದಳು. ರಿಂಗ್ ಕಂಬದ ಬುಡದಲ್ಲಿ, ಮಣ್ಣಿನಲ್ಲಿ ಕೂತವನೊಬ್ಬ. ಅರ್ಧ ಮುಖ ಫೋಟೊದಿಂದ ಹೊರಗಿದೆ. "ಇಂವ ನೋಡು ನಮ್ಮ ತಮ್ಮ. ಬಸ್ಸಿನ್ಯಾಗ ಸತ್ತಾಂವ ಇಂವ."

ಅಲ್ಲಿಂದಲೇ ಮಾಸ್ತರರಿಗೆ ಫೋನ್. ಹಾಗಾದರೆ ತುದಿಯಲ್ಲಿ ನಿಂತವನು ಯಾರು ಎಂದೆ. ನೀರಿನ ಸಪ್ಪಳದ ನಡುವೆ ಮತ್ತೆ ಅದೇ ಪಿಸುಮಾತು —

"ಮೊದಲ ಬಂದಾಂವ ಕೆಂಚಪ್ಪ. ಆಮ್ಯಾಲ ಬಂದಾರ್ನೆಲ್ಲಾ ಕೆಂಚಾ ಅಂತನ ಕರದ್ವಿ. ಸಲೀಸ ಆಗತಿತ್ತು."

"ಇಂವ ಏನಾದನ್ರಿ ಮಾಸ್ತರ?"

"ಮರುದಿವಸ ಬರಲಿಲ್ಲ. ಯಾರ ಕೇಳತಾರವಾ, ಕೂಲಿ ಹುಡುಗ..."

"ಒಟ್ಟ ಎಷ್ಟ ಮಂದಿ ಇದ್ರುರಿ?"

ಲಕ್ಷ್ಮೀ ಫೋನ್ ತೆಗೆದುಕೊಂಡಳು. "ಅಕ್ಕಾರ, ಇನ್ನ ಸಾಕ್ರಿ. ಅಪ್ಪಾರು ಗ್ವಾಡಿ ಕಡೆ ಹೊಳ್ಳಿ ಕುಂತಾರು."

ಚೀಟಿ ಕಿತ್ತೆ. ಸುಂದ್ರವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. "ನಮ್ಮ ತಮ್ಮನ ಹೆಸರ ನಮಗಿರಲಿ. ಇಂವನ ಮನಿ ಹುಡಕೂಣು. ಕೆಂಚನ ಕೂಡ ಕಾಲುವಿ ಆಚೀ ಓಣಿ ಹುಡುಗೂರೂ ಹೋಗತಿದ್ರು, ನನಗ ನೆನಪೈತಿ."

ಡಿಸೆಂಬರ್ 6, ಶನಿವಾರ

ರಿಪೋರ್ಟ್ ಬರೆದೆ. ಮೂರು ಪುಟ ಬರೆದು ಹರಿದೆ. ಉಳಿದದ್ದು ಇಷ್ಟು — 'ಮಂದಿರ ಮುಚ್ಚಬಾರದು. ಇನ್ನೂ ಅರ್ಧವೂ ತುಂಬಿಲ್ಲ. ಯಾರು ಗೆದ್ದರೆಂದು ತೋರಿಸಿದ್ದೇವೆ. ಯಾರ ಮೈ ಮೇಲೆ ಕಲಿತರೆಂದು ತೋರಿಸಿಲ್ಲ. ಮೊದಲು ನನ್ನ ಫೋಟೊ ಇಳಿಸಿ.'

ಅಧ್ಯಕ್ಷರಿಗೆ ಕಳಿಸಿದೆ. ನೀಲಿ ಟಿಕ್ ಬಂತು.

ಡಿಸೆಂಬರ್ 7, ಭಾನುವಾರ. ಮಧ್ಯಾಹ್ನ 12.40

ಮೂಡಲಗಿ, ಕಾಲುವೆ ಆಚೆಯ ಓಣಿ. ಒಂದು ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸುಂದ್ರವ್ವ ಪಕ್ಕದಲ್ಲಿ. ಸುಮ್ಮನೆ ಕೂರಲಾಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಏಳೆಂಟು ಮನೆ ತಿರುಗಿದೆವು. ಯಾರಿಗೂ ಗುರುತು ಸಿಗಲಿಲ್ಲ. ಇದು ಕೊನೆಯ ಮನೆ. ಕಾಡವ್ವ ಅಂತ, ಎಂಬತ್ತೈದು ದಾಟಿದ ಮುದುಕಿ. ಒಬ್ಬಳೇ ಇರುವುದೆಂದು ಬಾಜೂ ಮನೆಯವರು ಹೇಳಿದ್ದರು. ಫೋಟೊ ಕಣ್ಣಿಗೆ ಹತ್ತಿರ ಹಿಡಿದಳು. ಆಶ್ಚರ್ಯವೇ ಪಡಲಿಲ್ಲ.

"ನಮ್ಮ ಮಾಳು."

ಗೋಕಾಕಕ್ಕೆ ಕೆಲಸಕ್ಕೆಂದು ಹೋದನಂತೆ. ಮೂವತ್ತೆಂಟು ವರ್ಷ.

"ಆಮ್ಯಾಲ ಬರಲೇ ಇಲ್ಲೇನ್ ಆಯಿ?" ಸುಂದ್ರವ್ವ ಕೇಳಿದಳು.

"ಬಂದಾನಲ್ಲ. ನಿನ್ನಿ ಬಂದ. ಬಾಗಲದಾಗ ನಿಂತ ಹೆಸರ ಕೇಳಿದ. ಹೆತ್ತಾಕಿ ಮರೀತಾಳೇನ? 'ಮಾಳೂ, ಒಳಗ ಬಾರೋ' ಅಂದ್ನಿ. ಬಂದ." ಫೋಟೊ ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು. "ಈಗ ಉಣ್ಣಾಕ ಕುಂತಾನ. ತಡೀರಿ, ಹೇಳತೇನಿ."

ಒಳಗೆ ಹೋಗಿದ್ದಾಳೆ. ಬಾಗಿಲಿಗೆ ಹಳೆಯ ಸೀರೆಯ ಪರದೆ. ಗಾಳಿ ಇಲ್ಲ. ತಾಟಿನ ಸಪ್ಪಳ ಕೇಳುತ್ತಿದೆ. ರೊಟ್ಟಿ ಮುರಿಯುವ ಸಪ್ಪಳವೂ. ಸುಂದ್ರವ್ವ ನನ್ನ ಮೊಣಕೈ ಬಿಗಿಯಾಗಿ ಹಿಡಿದಿದ್ದಾಳೆ, ಅಕ್ಷರ ಸೊಟ್ಟ ಬರುತ್ತಿವೆ. ಮುದುಕಿ ಏನೋ ಹೇಳಿದಳು. ತಾಟಿನ ಸಪ್ಪಳ ನಿಂತಿತು.

ಹರೆಯದ ದನಿ — "ಯಾರ ಬಂದಾರ ಅವ್ವಾ?"

ಸುಂದ್ರವ್ವ ಎದ್ದಳು. ಚಪ್ಪಲಿ ಬಿಟ್ಟಳು. ನಾನೂ ಪೆನ್ನು ಮುಚ್ಚಿ ಒಳಗೆ —